ಚಂದ್ರನಲ್ಲೇ ಉಳಿದ ಬಸವಣ್ಣ

ಚಂದ್ರನಿಗೆ ಇನ್ನೂ ಯಾರೂ ಹೋಗಿರದ ಕಾಲ. ನನ್ನ ಸಿನಿಮಾದ ಚಂದ್ರಲೋಕವೆಂದರೆ ಬೆಟ್ಟದಪುರದ ಬಂಡೆ, ರಾಕೆಟ್ ಎಂದರೆ ಸುತ್ತಿ ನಿಲ್ಲಿಸಿದ ಬಿದಿರು ಚಾಪೆ. ಗೆಳೆಯ ಬಸವಣ್ಣ ಅದರೊಳಗಿಂದ ಬಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಫಿಲಂ ಮುಗಿಯಿತು. ಅವನನ್ನು ಭೂಮಿಗೆ ಕರೆತರಲಾಗಲಿಲ್ಲ. ಅದನ್ನೇ ಗಂಭೀರ ಅಂತ್ಯವೆಂದುಕೊಂಡು, ಹುಣಸೂರಿನ ಶಾಲೆಯೊಂದರ ಕಿಟಕಿಗಳಿಗೆ ಕಂಬಳಿ ಕಟ್ಟಿ ಎಲ್ಲರಿಗೂ ತೋರಿಸಿದೆ.

ಸಿನಿಮಾ ಮುಗಿದದ್ದೇ ಬಸವಣ್ಣನ ತಾಯಿ ಎದ್ದು ನಿಂತರು. "ನನ್ ಮಗನ್ನ ಅಲ್ಲೇ ಬುಟ್ಟು ಬಂದ್ಯೇನ್ಲಾ?"

"ನಿಮ್ಮ ಪಕ್ಕದಲ್ಲೇ ಕೂತಿದ್ದಾನಲ್ಲವ್ವ!"

"ಇವನು ಇಲ್ಲವ್ನೆ ಕಣಪ್ಪ. ಅಲ್ಲಿರೋನ ಗತಿ ಏನು?"

ನಾನು ಪ್ರೊಜೆಕ್ಟರನ್ನು ಹಿಂದಕ್ಕೆ ಓಡಿಸಿದೆ. ಬಸವಣ್ಣ ಹಿಮ್ಮುಖವಾಗಿ ನಡೆದು ಚಾಪೆಯೊಳಗೆ ಸೇರಿಕೊಂಡ. ತಾಯಿ ಕಣ್ಣೊರೆಸಿಕೊಂಡು ಕೂತರು. ಕೊಠಡಿ ತುಂಬ ಚಪ್ಪಾಳೆ.

ಹೆಡ್ ಮಾಸ್ತರು ಬೆನ್ನು ತಟ್ಟಿ, "ಕೊನೆಯಿಂದ ಮೊದಲಿಗೆ ನೋಡಿದರೆ ಸಿನಿಮಾ ಚೆನ್ನಾಗೇ ಇದೆ ಕಣ್ರೀ," ಎಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.