ಗೋರಂಟಿಯ ಕೈಯಲ್ಲಿ ಅಳೆದ ಬೆಳಕು

ಪರದೇಶದ ಕ್ಯಾಂಪ್‌ಬೆಲ್ ಊರಿಗೆ ವಸುಧಾ ಗಂಡನ ವೀಸಾದ ಬಾಲ ಹಿಡಿದು ಬಂದವಳು. ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಹಾಗಂತ ಕೈಕಟ್ಟಿ ಕೂರುವ ಪೈಕಿಯೂ ಅಲ್ಲ. ಹಳೆಯ ಕ್ಯಾಮೆರಾ ಕೊಂಡು, ಲೈಬ್ರರಿ ಪುಸ್ತಕಗಳನ್ನು ಅರೆದು ಕುಡಿದು, ಎಂಬತ್ತೈದನೇ ಇಸವಿಯ ಹೊತ್ತಿಗೆ ಅಲ್ಲಿನ ಕನ್ನಡದವರ ಮದುವೆ ಮುಂಜಿಗೆಲ್ಲ ಅವಳೇ ಫೋಟೋಗ್ರಾಫರು. ಬಿಳಿ ಪಂಚೆ ನೋಡಿ ಕ್ಯಾಮೆರಾ ಮೋಸಹೋಗುತ್ತದೆ, ನಮ್ಮವರ ಮುಖವೆಲ್ಲ ಕಪ್ಪಾಗುತ್ತದೆ ಎಂದು ಬೇಗ ಅರಿತಳು. ಅದಕ್ಕೇ ಅಂಗೈಯನ್ನು ಬಿಸಿಲಿಗೊಡ್ಡಿ ಅದರ ಮೇಲೆ ಬೆಳಕು ಅಳೆಯುವಳು. ಅಂಗೈಯ ಬಿಳುಪು ನೋಡಿ ಕ್ಯಾಮೆರಾದೊಳಗಿನ ಬೆಳಕಿನಳತೆಯ ಸೂಜಿ ಕಡಿಮೆ ಸಾಕೆನ್ನುವುದರಿಂದ, ಅದು ಹೇಳಿದ್ದರ ಎರಡರಷ್ಟು ಬೆಳಕು ಬಿಡುವಳು. ಅಂಗೈ ಎಂದೂ ಕೈಕೊಟ್ಟಿರಲಿಲ್ಲ.

ಗೆಳತಿ ಜಲಜಾಳ ಮದುವೆ ಪಕ್ಕದೂರು ಸರಟೋಗಾದ ಒಂದು ಮನೆಯ ಹಿತ್ತಲಲ್ಲಿ. ಅವಳು ಅಣ್ಣ ಎಂದೇ ಕರೆಯುತ್ತಿದ್ದ ತಂದೆ ವೆಂಕಟಾಚಲ ಮೈಸೂರಿನಿಂದ ಬಂದಿದ್ದರು. ಶ್ವಾಸಕೋಶದ ಕ್ಯಾನ್ಸರು; ಮಗಳನ್ನು ಧಾರೆಯೆರೆದು ಕೊಡಲೆಂದೇ ಜೀವ ಹಿಡಿದುಕೊಂಡಿದ್ದರು.

"ಅಣ್ಣನ್ನ ಚೆನ್ನಾಗಿ ತೆಗಿಯೇ ವಸು. ಇನ್ನೊಂದು ಚಾನ್ಸು ಸಿಗಲ್ಲ," ಎಂದಿದ್ದಳು ಜಲಜಾ.

ಧಾರೆಯ ಹೊತ್ತಿಗೆ ನಾಲ್ಕಾರು ಜನ ಕ್ಯಾಮೆರಾ ಹಿಡಿದು ಮುಂದೆ ನುಗ್ಗಿದರು. ವಸುಧಾಗೆ ರೇಗಿತು. "ಫ್ಲಾಶು ಹೊಡೆದು ಹಾಳು ಮಾಡ್ಬೇಡಿ, ಎಲ್ಲಾ ಒಳಗಿಡಿ. ನಾನಿದೀನಲ್ಲ!" ಎಂದಳು. ಪಾಪ, ಎಲ್ಲರೂ ಒಳಗಿಟ್ಟರು. ಅವಳು ಎಂದಿನಂತೆ ಅಂಗೈ ಮೇಲೆ ಅಳೆದಳು, ಎಂದಿನಂತೆ ಎರಡರಷ್ಟು ಬಿಟ್ಟಳು.

ಫಿಲ್ಮಿನ ಸ್ಲೈಡುಗಳು ಲ್ಯಾಬಿನಿಂದ ಬರುವಷ್ಟರಲ್ಲಿ ವೆಂಕಟಾಚಲ ತೀರಿಕೊಂಡಿದ್ದರು. ವಸುಧಾ ಒಂದೊಂದನ್ನೇ ಕಿಟಕಿಗೆ ಹಿಡಿದಳು. ಬೆಳಕು ಹೆಚ್ಚಾಗಿ ಎಲ್ಲವೂ ಬೆಳ್ಳಗೆ ತೊಳೆದುಹೋಗಿತ್ತು. ಸೀರೆಯ ಅಂಚಿತ್ತು, ಪೇಟದ ಗೆರೆಯಿತ್ತು, ಮುಖಗಳಿರಲಿಲ್ಲ. ಲ್ಯಾಬಿನವರನ್ನು ಬಯ್ಯಲೆಂದು ಫೋನಿಗೆ ಕೈಚಾಚಿದಾಗ ತನ್ನ ಅಂಗೈ ಕಂಡಿತು. ಮದುವೆಯ ಹಿಂದಿನ ಸಂಜೆ ಹೆಂಗಸರೆಲ್ಲ ಕೂತು ಗೋರಂಟಿ ಹಚ್ಚಿಕೊಂಡಿದ್ದರು. ಅಂಗೈ ನಡುವೆ ದೊಡ್ಡ ದುಂಡು, ಕಡುಗೆಂಪು. ಇನ್ನೂ ಪೂರ್ತಿ ಮಾಸಿರಲಿಲ್ಲ. ಆ ಕಪ್ಪುಗೆಂಪನ್ನು ನೋಡಿ ಸೂಜಿ ಬೆಳಕು ಸಾಲದೆಂದಿತ್ತು, ಇವಳು ಅದಕ್ಕೂ ಎರಡರಷ್ಟು ಸುರಿದಿದ್ದಳು. ಫೋನಿನಿಂದ ಕೈ ಹಿಂದಕ್ಕೆಳೆದುಕೊಂಡಳು. ಯಾರನ್ನು ಬಯ್ಯುವುದು?

ಜಲಜಾಳ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೈದುಬಿಡಲಿ ಎಂದು ತಲೆತಗ್ಗಿಸಿ ಕೂತಳು. ಜಲಜಾ ಬೈಯಲಿಲ್ಲ. ಒಂದು ಸ್ಲೈಡನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ನಾನು ತಲೆ ಬಗ್ಗಿಸ್ಕೊಂಡೇ ಇದ್ದೆ ಕಣೇ, ಅಣ್ಣನ ಮುಖ ನೋಡ್ಲೇ ಇಲ್ಲ. ನೀನು ಎದುರಿಗೇ ಇದ್ಯಲ್ಲ. ಧಾರೆ ನೀರು ಬಿಡುವಾಗ ಅತ್ರಾ? ನಕ್ರಾ?"

ನೀರು ಬೀಳುವಾಗ ವಸುಧಾ ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಕ್ಯಾಮೆರಾದ ಸೂಜಿಯನ್ನು.