ಇಪ್ಪತ್ತಮೂರಕ್ಕೆ ಹತ್ತೊಂಬತ್ತು ಹತ್ತಿರ

ಗಲ್ಫಿನ ಶುವೈಖಿನ ಗ್ಯಾರೇಜಿನಲ್ಲಿ ನನ್ನದು ಕೌಂಟರಿನ ಕೆಲಸ. ಎದುರಿಗೆ ಕೂತವರ ಊರು ಯಾವುದೆಂದು ಕೇಳದಿದ್ದರೆ ನಮ್ಮ ಕಡೆಯವರಿಗೆ ಉಂಡದ್ದು ಕರಗುವುದಿಲ್ಲ. ಕಾರು ರಿಪೇರಿಗೆ ತಂದಿದ್ದ ಫ್ರೆಂಚ್ ಇಂಜಿನಿಯರನ್ನೂ ಕೇಳಿದೆ.

"ಇಪ್ಪತ್ತಮೂರು," ಎಂದರು.

ಅವರ ದೇಶದಲ್ಲಿ ಜಿಲ್ಲೆಗೊಂದು ನಂಬರ್ ಉಂಟಂತೆ, ಕಾರಿನ ಪ್ಲೇಟಿನಲ್ಲೂ ಅದೇ. ಇಪ್ಪತ್ತಮೂರು ಎಂದರೆ ಕ್ರೂಜ್ ಜಿಲ್ಲೆ. ಕಲ್ಲುಗುಡ್ಡ, ಹುಲ್ಲುಗಾವಲು, ದನ, ಅದೇ ಹೆಸರಿನ ಒಂದು ಹೊಳೆ. ಬೆಳೆ ಸಾಲದೆ ಹಿಂದೆ ಗಂಡಸರೆಲ್ಲ ಚಳಿ ಮುಗಿದ ಕೂಡಲೇ ನಡೆದೇ ಪ್ಯಾರಿಸಿಗೆ ಹೋಗಿ ಗಾರೆ ಕೆಲಸ ಮಾಡುತ್ತಿದ್ದರಂತೆ. ಧಣಿ ಸಹಿ ಹಾಕಿದ ಪುಸ್ತಕ ಕಿಸೆಯಲ್ಲಿ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರಂತೆ.

"ಇಕಾಮಾ," ಎಂದೆ. ಇಲ್ಲಿ ಧಣಿಯ ಹೆಸರಿನಲ್ಲಿ ಸಿಗುವ ನಮ್ಮ ವಾಸದ ಪರವಾನಿಗೆ ಅದು.

"ಅದೇ," ಎಂದು ನಕ್ಕರು. "ನಿಮ್ಮದು ಎಷ್ಟು?"

ನಾನು ಮಂಗಳೂರಿನವ. ಅಲ್ಲಿಯ ಕಾರುಗಳ ನಂಬರ್ ನೆನಪಾಗಿ "ಹತ್ತೊಂಬತ್ತು" ಎಂದೆ.

ಅವರ ಮುಖ ಅರಳಿತು. ಫ್ರಾನ್ಸಿನ ಹತ್ತೊಂಬತ್ತು ಕೊರೇಜ್ ಅಂತೆ, ಕ್ರೂಜಿಗೆ ತಾಗಿಕೊಂಡೇ ಇರುವ ಜಿಲ್ಲೆ. "ಹಾಗಾದರೆ ನಾವು ನೆರೆಕರೆಯವರು," ಎಂದು ಕೈ ಕುಲುಕಿದರು.

ಹುರುಪಿನಲ್ಲಿ ನನ್ನ ಹೆಂಡತಿ ಉಡುಪಿಯವಳು, ಇಪ್ಪತ್ತು ಎಂದೂ ಹೇಳಿಬಿಟ್ಟೆ. ಈ ರಜೆಗೆ ಮೊದಲು ಯಾರ ಮನೆಗೆ ಹೋಗುವುದೆಂದು ನಮ್ಮಲ್ಲಿ ವಾರದಿಂದ ಜಗಳ ನಡೆದಿತ್ತು.

ಅವರ ನಗು ಅರ್ಧಕ್ಕೇ ನಿಂತಿತು. "ಇಪ್ಪತ್ತು ಅಂದರೆ ಹಿಂದೆ ಕಾರ್ಸಿಕಾ ಆಗಿತ್ತು. ಅದು ದ್ವೀಪ. ಅಲ್ಲಿಯವರು ಪ್ಯಾರಿಸಿನ ಮಾತನ್ನೇ ಕೇಳುವುದಿಲ್ಲ."

ನಮ್ಮ ನಂಬರೇ ಬೇರೆ ಎಂದು ತಿದ್ದಬಹುದಿತ್ತು. ಆದರೆ ಭೂಗೋಳ ಇಷ್ಟು ಸರಿ ಇರುವಾಗ ಯಾಕೆ ಎಂದು ಸುಮ್ಮನಾದೆ. ಟಿಕೆಟ್ ಆಗಿದೆ. ಮೊದಲ ಹದಿನೈದು ದಿನ ದ್ವೀಪದಲ್ಲಿ.