ಅರ್ಲೀನಳ ಜಡೆ ಮತ್ತು ಉಸಿರಿನ ಯಂತ್ರ

ಅರ್ಲೀನ್ ಪ್ರೂಯಿಟ್ ಇಪ್ಪತ್ತಾರು ವರ್ಷ ಅಮೆರಿಕದ ಮೆಂಫಿಸ್‌ನಲ್ಲಿ ಶಾಲಾ ಬಸ್ಸು ಓಡಿಸಿದವಳು. ಒಂದು ಬೆಳಿಗ್ಗೆ ಕೆಂಪು ದೀಪದ ಮುಂದೆ ಸ್ಟಿಯರಿಂಗ್ ಮೇಲೆಯೇ ಜೊಂಪು ಹತ್ತಿತು. ಹಿಂದೆ ನಲವತ್ತು ಮಕ್ಕಳು. ನಿದ್ದೆಯಲ್ಲಿ ಉಸಿರು ಪದೇ ಪದೇ ನಿಂತುಹೋಗುವ ಕಾಯಿಲೆ ಅದು ಎಂದು ತಿಳಿಯುವುದಕ್ಕೇ ಹನ್ನೊಂದು ತಿಂಗಳು ಹಿಡಿಯಿತು. ನಮ್ಮ ಕರಿಯರ ಕೇರಿಯಲ್ಲಿ ಹೆಣ ಸಿಂಗರಿಸುವ ಅಂಗಡಿಗಳು ಮೂರಿವೆ, ನಿದ್ದೆ ಪರೀಕ್ಷಿಸುವ ಡಾಕ್ಟರು ಒಬ್ಬನೂ ಇಲ್ಲ. ಅವನಿರುವುದು ಬಿಳಿಯರ ಬಡಾವಣೆಯಲ್ಲಿ, ಎರಡು ಬಸ್ಸು ಬದಲಿಸಿ ಹೋಗಬೇಕು.

ಕೊನೆಗೂ ಮೂಗಿಗೆ ಗಾಳಿ ಊದುವ ಮಷೀನು ಸಿಕ್ಕಿತು, ಷರತ್ತಿನ ಮೇಲೆ. ಮೂವತ್ತು ದಿನದಲ್ಲಿ ಇಪ್ಪತ್ತೊಂದು ದಿನವಾದರೂ ನಾಲ್ಕು ನಾಲ್ಕು ಗಂಟೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ವಾಪಸ್. ಮಷೀನು ಹೋದರೆ ಬಸ್ಸಿನ ಕೆಲಸವೂ ಹೋಯಿತು. ಲೆಕ್ಕವನ್ನು ಆ ಚಾಡಿಕೋರ ಮಷೀನೇ ಅದನ್ನು ಕೊಟ್ಟ ಕಂಪನಿಗೆ ಕಳಿಸುತ್ತದೆ.

ಮೊದಲ ಐದು ದಿನ ಸೊನ್ನೆ. ಅರ್ಲೀನಳದು ಒತ್ತಾಗಿ ಹೆಣೆದ ಸಣ್ಣ ಜಡೆಗಳು, ಮಲಗುವಾಗ ಅವು ಕೆಡದಂತೆ ಮೇಲೊಂದು ನುಣುಪು ಸ್ಯಾಟಿನ್ ಟೊಪ್ಪಿ. ಮಷೀನಿನ ಮಾಸ್ಕನ್ನು ತಲೆಗೆ ಬಿಗಿಯುವ ಪಟ್ಟಿ ಅದರ ಮೇಲೆ ನಿಲ್ಲಲೊಲ್ಲದು. ಜೊತೆಗೆ ಕೊಟ್ಟ ಪುಸ್ತಕದ ಚಿತ್ರಗಳಲ್ಲಿ ಎಲ್ಲರದೂ ನುಣುಪು ಕೂದಲಿನ ಬಿಳಿಯರ ತಲೆ.

ಅವಳು ಕಂಪನಿಯ ಅಂಗಡಿಗೆ ಹೋದಳು. ಕೌಂಟರಿನಲ್ಲಿದ್ದ ಕೆಲ್ಸಿ ಎಂಬ ಹುಡುಗಿ ತಲೆ ಎತ್ತಲಿಲ್ಲ.

"ಅರ್ಲೀನ್, ನೀನು ಸಹಕಾರ ಕೊಡ್ತಿಲ್ಲ ಅಂತ ಬಂದಿದೆ."

"ನಿನ್ನ ಅಜ್ಜಿ ವಯಸ್ಸು ನಂದು. ಮಿಸೆಸ್ ಪ್ರೂಯಿಟ್ ಅನ್ನು. ಪಟ್ಟಿ ಜಾರುತ್ತೆ, ಬೇರೆ ಕೊಡು."

"ಇರೋದು ಇದೊಂದೇ. ಜಡೆ ಬಿಚ್ಚಿಬಿಡಿ, ಇಲ್ಲ ಕೂದಲು ಕತ್ತರಿಸಿ."

ಅರ್ಲೀನಳಿಗೆ ಮೈಯೆಲ್ಲ ಉರಿಯಿತು. ಕೌಂಟರು ಹಾರಿ ಕೆಲ್ಸಿಯ ಕುದುರೆಬಾಲದ ಜುಟ್ಟನ್ನು ಕೈಗೆ ಸುತ್ತಿಕೊಳ್ಳುವಷ್ಟು ಸಿಟ್ಟು. ಹಲ್ಲು ಕಚ್ಚಿಕೊಂಡು ಹೊರಬಂದಳು.

ನೆಟ್ಟಗೆ ಹೋದದ್ದು ಜಡೆ ಹೆಣೆಯುವ ಲವೋನಿಯಾಳ ಅಂಗಡಿಗೆ. ಲವೋನಿಯಾ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದನ್ನ ಮಾಡಿದವನು ಕರಿ ತಲೆ ಮುಟ್ಟಿದ್ದಾನಾ ಜನ್ಮದಲ್ಲಿ? ತಾಯೀ, ಸುಮ್ನೆ ಕೂತ್ಕೋ."

ಪಟ್ಟಿ ಬಿಚ್ಚಿದಳು, ಒಳಗೆ ಒರಟು ಬಟ್ಟೆ ಹೊಲಿದಳು, ಎರಡು ಕುಣಿಕೆ ಹಾಕಿ ಹಿಂದಲೆಯ ಜಡೆಗಳನ್ನು ಅದರೊಳಗೆ ತೂರಿಸಿದಳು. ಅರ್ಧ ಗಂಟೆಯ ಕೆಲಸ. ಆಮೇಲಿನ ಇಪ್ಪತ್ತೈದು ದಿನದಲ್ಲಿ ಅರ್ಲೀನ್ ಇಪ್ಪತ್ಮೂರು ದಿನ ಮಗುವಿನ ಹಾಗೆ ಮಲಗಿದಳು. ಮಷೀನು ಉಳಿಯಿತು, ಬಸ್ಸೂ ಉಳಿಯಿತು.

ಮಷೀನು ಉಳಿಸಿಕೊಳ್ಳುವ ಕಾಗದಕ್ಕೆ ಸಹಿ ಹಾಕಲು ಹೋದಾಗ ಕೆಲ್ಸಿ ಆ ಪಟ್ಟಿ ನೋಡಿ ಕಣ್ಣರಳಿಸಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ! ಒಂದು ಫೋಟೋ ತಗೊಳ್ಳಲಾ? ನಿಮ್ಮವರಲ್ಲಿ ಎಷ್ಟೋ ಜನಕ್ಕೆ ಇದೇ ತೊಂದರೆ."

"ಗೊತ್ತಿತ್ತಾ ನಿನಗೆ?"

"ಹೂಂ... ಪಟ್ಟಿ ಜಾರುತ್ತೆ ಅಂತ ಎಲ್ಲರೂ ಹೇಳ್ತಾರೆ."

"ಅವರ ಮಷೀನೆಲ್ಲ ಎಲ್ಲಿ?"

ಕೆಲ್ಸಿ ಕಾಗದ ಮುಂದೆ ತಳ್ಳಿದಳು. ಅವಳ ಹಿಂದಿನ ಕಪಾಟಿನಲ್ಲಿ ವಾಪಸ್ ಬಂದ ಮಷೀನುಗಳು ಸಾಲಾಗಿ ಕೂತಿದ್ದವು. ಅರ್ಲೀನ್ ಪಟ್ಟಿಯನ್ನು ಬ್ಯಾಗಿಗೆ ತುರುಕಿಕೊಂಡಳು.

"ಫೋಟೋ ನಿಮ್ಮಪ್ಪನದು ತಕ್ಕೋ."

ಭಾನುವಾರ ಚರ್ಚಿನಲ್ಲಿ ಪ್ರಕಟಣೆಗಳ ಹೊತ್ತಿಗೆ ಎದ್ದು ನಿಂತು, ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಉಸಿರಿನ ಮಷೀನು ಕೊಟ್ಟು ಆಮೇಲೆ ಕಿತ್ಕೊಂಡಿದ್ದು ಯಾರಿಂದ? ನಾಚಿಕೆ ಬೇಡ, ಕೈ ಎತ್ತಿ."

ಮೊದಲು ಒಂದು ಕೈ, ಆಮೇಲೆ ನಾಲ್ಕು, ಆಮೇಲೆ ಹದಿನಾಲ್ಕು. ಕೊನೆಗೆ ಮುಂದಿನ ಬೆಂಚಿನಿಂದ ಬಿಳಿ ಕೈಗವಸಿನ ಒಂದು ಕೈ ಮೇಲೆದ್ದಿತು. ಚರ್ಚಿನ ಹಿರಿಯ, ಡೀಕನ್ ಥೀಯೋಫಿಲಸನ ಹೆಂಡತಿ ಕೋರಾ. ಡೀಕನ್ ಏಪ್ರಿಲ್‌ನಲ್ಲಿ ನಿದ್ದೆಯಲ್ಲೇ ತೀರಿಹೋಗಿದ್ದ. ಪುಣ್ಯದ ಸಾವು ಎಂದು ನಾವೆಲ್ಲ ಅವಳ ಕೈ ಹಿಡಿದು ಹೇಳಿ ಬಂದಿದ್ದೆವು.

"ಸಿಸ್ಟರ್ ಕೋರಾ, ನಿಮಗೂ ಇತ್ತಾ?" ಎಂದು ಅರ್ಲೀನ್ ಕೇಳಿದಳು.

"ನಂಗಲ್ಲ. ಅವರಿಗೆ. ಗಡ್ಡಕ್ಕೆ ಮಾಸ್ಕ್ ಕೂರಲ್ಲ, ಬೋಳಿಸಿ ಅಂದ್ರು. ಬೋಳಿಸಿದ್ರೆ ಮುಖವೆಲ್ಲ ಕೀವುಗುಳ್ಳೆ. ಸಹಕಾರ ಕೊಡಲ್ಲ ಅಂತ ಬರ್ಕೊಂಡು, ಮಾರ್ಚ್‌ನಲ್ಲಿ ಮಷೀನು ತಗೊಂಡು ಹೋದ್ರು."